ಮೊದಲ ಹತ್ತು ವಯಲ್ ನಮ್ಮಲ್ಲೇ

ಹಾವು ಕಡಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಹಾವಿನ ವಿಷಕ್ಕೆ ಮದ್ದಾದ ಎ.ಎಸ್.ವಿ.ಯ ವಯಲ್ (ಸಣ್ಣ ಸೀಸೆ) ಹಾಕುತ್ತೇನೆ ಅಂದಾಗ ಜತೆಯ ಡಾಕ್ಟರುಗಳು ಯಾರೂ ಒಪ್ಪಲಿಲ್ಲ. "ರಿಯಾಕ್ಷನ್ ಆದ್ರ ಯಾರ್ರೀ ಜವಾಬ್ದಾರಿ? ಚೀಟಿ ಬರದು ರಾಯಚೂರಿಗೆ ಕಳಿಸ್ರಿ" ಅಂದರು. ಲಿಂಗಸೂಗೂರು ತಾಲ್ಲೂಕಿನ ಕೃಷ್ಣಾ ದಂಡೆಯಿಂದ ರಾಯಚೂರು ನೂರು ಕಿಲೋಮೀಟರಿನ ಮಾತು. ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಹೊಳೆ ನಡುವಿನ ಗಡ್ಡಿಯ ಜನಕ್ಕೆ ತೆಪ್ಪವೇ ಗತಿ. ಚೀಟಿ ಬರೆದು ಕಳಿಸಿದ ಮೊದಲ ಮೂರು ವರ್ಷದಲ್ಲಿ ಆರೋ ಏಳೋ ಮಂದಿ ದಾರಿಯಲ್ಲೇ ತೀರಿಕೊಂಡರು.

ನನಗೆ ಈ ಹಟ ಬಂದದ್ದು ಮನೆಯಿಂದ. ನಾವು ಆಗಿನ ಪೂರ್ವ ಪಾಕಿಸ್ತಾನದ ಖುಲ್ನಾ ಕಡೆಯ ಬಂಗಾಳಿಗಳು. 1964ರ ಗಲಭೆಯಲ್ಲಿ ಗಡಿ ದಾಟಿ, ರಾಯಪುರದ ಮಾನಾ ಕ್ಯಾಂಪಿನಲ್ಲಿ ವರ್ಷಗಟ್ಟಲೆ ಇದ್ದು, ಕೊನೆಗೆ ಸಿಂಧನೂರಿನ ಆರ್.ಎಚ್. ಕ್ಯಾಂಪಿಗೆ, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪಿಗೆ ಬಂದು ನೆಲೆಯಾದೆವು. ಇಲ್ಲಿಗೆ ಬಂದ ಮೊದಲ ಮಳೆಗಾಲದಲ್ಲೇ ದಿದಿ, ನನ್ನ ಅಕ್ಕ, ತೀರಿಹೋದಳು. ನೆಲದ ಮೇಲೆ ಮಲಗಿದ್ದವಳು ಬೆಳಗಿನ ಜಾವ ಹೊಟ್ಟೆ ನೋವು ಅಂತ ಎದ್ದಳು. ಪಟ್ಟಣದ ಡಾಕ್ಟರಿಗೆ ನಮ್ಮ ಮಾ "ಚೋಖ್ ಖುಲ್ತೆ ಪಾರ್ಛೆ ನಾ" ಎಂದು ಎಷ್ಟು ಸಲ ಹೇಳಿದಳೋ. ಕಣ್ಣು ಬಿಡೋಕಾಗ್ತಿಲ್ಲ ಅಂತ ಅದರ ಅರ್ಥ. ಬಂಗಾಳಿ ಯಾರಿಗೂ ತಿಳಿಯಲಿಲ್ಲ, ಹೊಟ್ಟೆ ನೋವಿನ ಗುಳಿಗೆ ಕೊಟ್ಟು ಕಳಿಸಿದರು. ಕಡಿದದ್ದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿದು, ಹೊಟ್ಟೆ ನೋವು ಬರಿಸಿ ರೆಪ್ಪೆ ಇಳಿಸುವ ಕಟ್ಟುಹಾವು ಅಂತ ನನಗೆ ಗೊತ್ತಾದದ್ದು ಬಳ್ಳಾರಿ ಮೆಡಿಕಲ್ ಕಾಲೇಜಿನ ಮೂರನೇ ವರ್ಷದಲ್ಲಿ, ಪುಸ್ತಕ ಓದುವಾಗ. ಹಾಗಾಗಿ ನಾನು ಔಷಧಿಗಿಂತ ಮೊದಲು ಈ ಸೀಮೆಯ ಮಾತು ಕಲಿತೆ. "ನಿದ್ದಿ ಬಂದಂಗ ಆಗ್ತೈತ್ರಿ" ಅಂದರೆ ನಾನು ಮೊದಲು ರೆಪ್ಪೆ ನೋಡುತ್ತೇನೆ, ಆಮೇಲೆ ನಾಡಿ.

ಶುರುವಿನಲ್ಲಿ ಮಾಡಿದ ದೊಡ್ಡ ತಪ್ಪು ಇಪ್ಪತ್ತು ನಿಮಿಷದ ರಕ್ತ ಪರೀಕ್ಷೆಯದು: ಗಾಜಿನ ಟ್ಯೂಬಿನಲ್ಲಿಟ್ಟ ರಕ್ತ ಅಷ್ಟರಲ್ಲಿ ಹೆಪ್ಪುಗಟ್ಟುತ್ತದೆಯೋ ಅಂತ ನೋಡುವುದು. ಒಬ್ಬ ಹುಡುಗನ ರಕ್ತ ಹೆಪ್ಪುಗಟ್ಟಲೇ ಇಲ್ಲ. ರಕ್ತ ಹೆಪ್ಪುಗಟ್ಟಗೊಡದ ಮಂಡಲದ ಹಾವಿನ ವಿಷ ಎಂದು ಹತ್ತು ವಯಲ್ ಹಾಕಿದೆ, ಎ.ಎಸ್.ವಿ.ಯ ರಿಯಾಕ್ಷನ್ನಿಗೆ ಮೈಯೆಲ್ಲ ದದ್ದು ಎದ್ದಿತು, ರಿಯಾಕ್ಷನ್ ತಡೆಯುವ ಅಡ್ರಿನಲಿನ್ ಕೊಟ್ಟು ಉಳಿಸಿಕೊಂಡೆ. ಮರುದಿನ ತಿಳಿಯಿತು: ನಮ್ಮ ಆಯಾ ಗಾಜಿನ ಟ್ಯೂಬನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದಳು. ಸೋಪಿನ ಅಂಶ ಇದ್ದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟುವುದಿಲ್ಲ. ಪ್ಲಾಸ್ಟಿಕ್ಕಿನಲ್ಲೂ ಅದೇ ಪಾಡು. ಅವತ್ತಿನಿಂದ ಹೊಸ, ಒಣಗಿದ ಗಾಜಿನ ಟ್ಯೂಬೇ. ಒಂದು ಸಲ ಬಳಸಿ ಎಸೆಯುವುದು. ಡಜನ್ನುಗಟ್ಟಲೆ ನಾನೇ ಕೊಂಡು ಇಟ್ಟೆ.

ದುಡ್ಡಿನದು ಬೇರೆ ಕಥೆ. ಸರಕಾರಿ ಸ್ಟಾಕ್ ಮುಗಿದಾಗ ಹೊರಗಿನ ಮೆಡಿಕಲ್ಲಿನಲ್ಲಿ ವಯಲ್ಲಿಗೆ ಐನೂರರ ಆಸುಪಾಸು. ಹತ್ತಕ್ಕೆ ಐದು ಸಾವಿರ. ಆಗಿನ ಸಂಬಳದಲ್ಲಿ ಅದು ಸಣ್ಣ ಮೊತ್ತವಲ್ಲ. ಒಂದು ವರ್ಷ ಹೆಂಡತಿಯ ಬಳೆ ಒತ್ತೆ ಇಟ್ಟೆ. ಮೇಲಾಗಿ ದ್ರವದ ವಯಲ್ಲಿಗೆ ಫ್ರಿಜ್ ಬೇಕು, ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟು ಅರ್ಧ ದಿನ ಇರುತ್ತಿರಲಿಲ್ಲ. ಮಡಕೆಯೊಳಗೆ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ ನೋಡಿದೆ. ಏಪ್ರಿಲ್ಲಿನ ಒಣ ಗಾಳಿಗೆ ಹೊರಗಿಗಿಂತ ಒಳಗೆ ಹತ್ತು ಡಿಗ್ರಿ ತಂಪಾಯಿತು, ಆದರೂ ವಯಲ್ಲಿಗೆ ಬೇಕಾದ ಎಂಟು ಡಿಗ್ರಿಗೆ ಎಲ್ಲಿಂದ ಇಳಿಯಬೇಕು? ಮಳೆಗಾಲದಲ್ಲಂತೂ ಏನೂ ತಣಿಯಲಿಲ್ಲ. ಆ ಮಡಕೆಯಲ್ಲಿ ನಮ್ಮ ನರ್ಸಮ್ಮ ಕೊತ್ತಂಬರಿ ಇಡತೊಡಗಿದರು, ನಾನು ಫ್ರಿಜ್ ಬೇಡದ ಪುಡಿ ರೂಪದ ಎ.ಎಸ್.ವಿ.ಗೇ ಹಟ ಹಿಡಿದೆ.

ಮಂತ್ರ ಹಾಕುವ ಮುದುಕರು ರೋಗಿಗಳನ್ನು ನೇರ ನನ್ನ ಹತ್ತಿರ ಕಳಿಸುವಂತೆ ಮಾಡಿದ ಉಪಾಯವನ್ನು ಇಲ್ಲಿ ಬರೆಯಲಾರೆ. ಅವರಿಗೆ ಕೊಟ್ಟ ಮಾತಿದೆ. ಎರಡು ವರ್ಷ ಹಿಡಿಯಿತು, ಅಷ್ಟು ಹೇಳಬಲ್ಲೆ.

ನನ್ನ ಕ್ರಮ ಇಷ್ಟೇ: ಅಡ್ರಿನಲಿನ್ ಸಿರಿಂಜಿಗೆ ಎಳೆದು ಪಕ್ಕದಲ್ಲಿ ಇಟ್ಟುಕೊಂಡೇ ಮೊದಲ ಹತ್ತು ವಯಲ್, ಆಮೇಲೆ ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗಿನ ಸಮೇತ ರಾಯಚೂರು. ನೆನಪಿನ ಲೆಕ್ಕದಲ್ಲಿ ಮುನ್ನೂರರ ಹತ್ತಿರ ಮಂದಿಗೆ ಹೀಗೆ ಮಾಡಿದೆ, ಕಳೆದುಕೊಂಡದ್ದು ಒಂಬತ್ತು. ಬೇಡ ಅಂದವರೇ ಆಮೇಲೆ ಮಧ್ಯರಾತ್ರಿ ಫೋನು ಮಾಡಿ ಡೋಸ್ ಕೇಳಿದ್ದಾರೆ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಸಾರಿದಾಗ, ನಿವೃತ್ತನಾಗಿದ್ದ ನಾನು ಹಳೆಯ ರಿಜಿಸ್ಟರ್ ತೆಗೆದು ಇಡೀ ದಿನ ಓದಿದೆ.

ಅದರಲ್ಲಿ ಕರಕಲಗಡ್ಡಿಯ ಸೊಸೆಯದೊಂದು ಪುಟ ಇದೆ. ಹೊಳೆ ತುಂಬಿದ ರಾತ್ರಿ, ಅತ್ತೆ ತೆಪ್ಪದಲ್ಲಿ ಕರೆತಂದಳು. "ಹೊಟ್ಟಿ ನೋವ್ರಿ ಯಪ್ಪಾ" ಅಂದಳು ಸೊಸೆ, ಮೈಮೇಲೆ ಕಡಿದ ಗುರುತೇ ಇಲ್ಲ. ರೆಪ್ಪೆ ಇಳಿದಿತ್ತು. ಹತ್ತು ವಯಲ್ ಹಾಕಿದೆ. ಸೋತ ಸ್ನಾಯುಗಳಿಗೆ ಬಲ ಕೊಡುವ ನಿಯೋಸ್ಟಿಗ್ಮಿನ್‌ಗೆ ಜಗ್ಗಲಿಲ್ಲ, ಕಟ್ಟುಹಾವಿಗೆ ಅದು ಜಗ್ಗುವುದು ಕಡಿಮೆ. 108ರ ಹುಡುಗ, ನಾನು, ಆಕೆಯ ಗಂಡ ಸರದಿ ಹಾಕಿಕೊಂಡು ರಾಯಚೂರಿನ ತನಕ ಬ್ಯಾಗು ಒತ್ತಿದೆವು. ಹನ್ನೊಂದನೇ ದಿನ ಆಕೆ ಬಸ್ಸಿನಲ್ಲಿ ಊರಿಗೆ ಬಂದಳು. ಈಗ ಆ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಹೊರಸಿನ ಮೇಲೆ, ಸೊಳ್ಳೆ ಪರದೆ ಕಟ್ಟಿಕೊಂಡು ಮಲಗುತ್ತಾರೆ.