ಹಗರಿಯ ಹೂತುಹೋದ ಉಸುಕು ಹುಡುಕಿದ್ದು: ನನ್ನ ಅನುಭವ

ಹೋದ ಬೇಸಿಗೆಯಲ್ಲಿ ಸಿರುಗುಪ್ಪ ತಾಲೂಕಿನ ಹಗರಿ ಹೊಳೆ ದಂಡೆಯ ಒಂದು ಹೊಲದಲ್ಲಿ ಬೋರು ಕೊರೆದಾಗ 36 ಅಡಿ ಆಳಕ್ಕೆ ದಪ್ಪ ಉಸುಕು ಬಂತು. ಹೊಳೆ ಹಿಂದೆ ಬಿಟ್ಟುಹೋದ ಇಂಥ ಉಸುಕಿನಲ್ಲೇ ನಾವು ನೀರು ಹುಡುಕುವುದು. 35ರಿಂದ 40ರ ಒಳಗೆ ಅಂತ ನಾನು ಮೊದಲೇ ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಆ ಚೀಟಿ ಈಗಲೂ ಆ ರೈತರ ಮನೆಯಲ್ಲಿ ದೇವರ ಫೋಟೋ ಹಿಂದೆ ಇದೆ, ಬೇಕಾದರೆ ಹೋಗಿ ನೋಡಿ. "ಕಂಪ್ಯೂಟರ್‌ನಾಗ ಹೊಳಿ ಹರಸ್ತಾನಂತ" ಅಂತ ನಗುತ್ತಿದ್ದ, ಬೋರಿಗೆ ಜಾಗ ತೋರಿಸುವ ನಮ್ಮ ಲೈನಿನವರೇ ಮೂರು ಜನ ಆಮೇಲೆ ಫೋನ್ ಮಾಡಿ, ಹೇಗೆ ಮಾಡಿದೆ ಹೇಳು ಮಾರಾಯ ಅಂದರು. ಒಬ್ಬೊಬ್ಬರಿಗೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ನೆಲದ ವಿದ್ಯುತ್ ತಡೆ ಅಳೆಯುವ ಮೀಟರ್ ಹಿಡಿದು ಬೋರಿಗೆ ಪಾಯಿಂಟ್ ಹಾಕುವವರಿಗೆ ಇಲ್ಲಿನ ಕಷ್ಟ ಗೊತ್ತೇ ಇದೆ. ಮೇಲಿನ ಎರೆ ಮಣ್ಣು ಮೂರು ನಾಲ್ಕು ಓಮ್ ಮೀಟರ್ ತೋರಿಸುತ್ತದೆ. ಕೆಳಗೆ ಜೇಡಿ ಇದ್ದರೂ ಅಷ್ಟೇ, ಸವಳು ನೀರು ತುಂಬಿದ ಉಸುಕಿದ್ದರೂ ಹೆಚ್ಚುಕಡಿಮೆ ಅಷ್ಟೇ. ಸಿಹಿನೀರಿನ ಉಸುಕಾದರೆ ಆ ಅಂಕಿ ಏರಬೇಕು, ಆದರೆ ಆ ಪದರ ಆರೇಳು ಅಡಿ ಮಾತ್ರ ಇದ್ದರೆ ಮೀಟರಿನ ಕರ್ವ್‌ನಲ್ಲಿ ಕಾಣುವುದೇ ಇಲ್ಲ. ಕೊನೆಗೆ ಏನು ಮಾಡುತ್ತೇವೆ? ಈ ಹೊಲದ ಬೋರಲ್ಲಿ 40 ಅಡಿಗೆ ಉಸುಕು, ಆ ಹೊಲದ ಬೋರಲ್ಲೂ 40 ಅಡಿಗೆ ಉಸುಕು, ನಡುವೆ ಇದ್ದೇ ಇರುತ್ತದೆ ಅಂತ ಗೆರೆ ಎಳೆಯುತ್ತೇವೆ. ನಾನೂ ಹತ್ತು ವರ್ಷ ಎಳೆದೆ. ಹೊಳೆ ಏನು ಚಾಪೆ ಹಾಸಿದ ಹಾಗೆ ಉಸುಕು ಹಾಸಿಕೊಂಡು ಹೋಗುತ್ತದಾ? ಒಮ್ಮೆ ಇಲ್ಲಿ ಹರಿಯಿತು, ಇನ್ನೂರು ವರ್ಷ ಬಿಟ್ಟು ಅಲ್ಲಿ ಹರಿಯಿತು. ಎರಡೂ ಕಡೆ ಒಂದೇ ಆಳಕ್ಕೆ ಸಿಕ್ಕಿತು ಅಂದ ಮಾತ್ರಕ್ಕೆ ಅದು ಒಂದೇ ಉಸುಕು ಆಗಬೇಕಂತಿಲ್ಲ.

2021ರಲ್ಲಿ ಹಾಗೆ ಗೆರೆ ಎಳೆದು ಕೊಟ್ಟ ಪಾಯಿಂಟ್‌ನಲ್ಲಿ 50 ಅಡಿ ಪೂರ್ತಿ ಜೇಡಿ ಬಂತು. ಕೆಳಗೆ ಕಲ್ಲು. ರೈತ ಹಠ ಬಿಡದೆ 300 ಅಡಿ ತನಕ ಕೊರೆಸಿದ, ಬರೀ ಧೂಳು. ಕೇಸಿಂಗ್, ರಿಗ್ ಎಲ್ಲ ಸೇರಿ 45 ಸಾವಿರದ ಮೇಲೆ ಹೋಯಿತು. ನನ್ನ ಫೀಸು ವಾಪಸ್ ಕೊಟ್ಟು ಮೇಲೆ ಹತ್ತು ಸಾವಿರ ಸೇರಿಸಿದೆ. ಆತ ಬಯ್ಯಲಿಲ್ಲ, ಚಹಾ ಕುಡಿಸಿ ಕಳಿಸಿದ. ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಅವತ್ತಿನಿಂದ ತಲೆಯಲ್ಲಿ ಕೂತದ್ದು ಒಂದೇ. ಬೋರುಗಳ ನಡುವೆ ಗೆರೆ ಎಳೆಯುವ ಬದಲು ಹೊಳೆಯನ್ನೇ ಕಂಪ್ಯೂಟರಿನಲ್ಲಿ ಮೊದಲಿಂದ ಹರಿಸಿ, ಉಸುಕು ಎಲ್ಲಿ ಬೀಳುತ್ತದೆ ಅಂತ ನೋಡಬೇಕು. ಇದು ಹೊಸ ವಿದ್ಯೆ ಏನಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಸೆಡ್‌ಸಿಮ್ ಅನ್ನುವ ಪ್ರೋಗ್ರಾಂ ಅನ್ನು 1980ರ ದಶಕದಲ್ಲೇ ಮಾಡಿದ್ದರು, ಫ್ರೆಂಚರದ್ದು ಡಯೋನಿಸಾಸ್ ಇದೆ. ಅವೆಲ್ಲ ತೈಲ ಕಂಪನಿಗಳ ಜೇಬಿಗೆ ಸರಿ. ನಾನು 28 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದು, ಸಿಡ್ನಿ ವಿಶ್ವವಿದ್ಯಾಲಯದವರ ಇದೇ ಥರದ ಬ್ಯಾಡ್‌ಲ್ಯಾಂಡ್ಸ್ ಪ್ರೋಗ್ರಾಂ ಇಳಿಸಿಕೊಂಡೆ, ಅದು ಉಚಿತ. ಆದರೆ ಅದು ಲಕ್ಷಾಂತರ ವರ್ಷ, ನೂರಾರು ಕಿಲೋಮೀಟರ್ ಲೆಕ್ಕದ್ದು. ನನ್ನದು ಹತ್ತು ಹನ್ನೆರಡು ಕಿಲೋಮೀಟರಿನ ದಂಡೆ. ಆಮೇಲೆ ಮಿಯಾಂಡರ್‌ಪೈ ಅನ್ನುವ ಇನ್ನೊಂದು ಪ್ರೋಗ್ರಾಂ ಹಿಡಿದೆ. ಹೊವರ್ಡ್ ಮತ್ತು ನಟ್ಸನ್ 1984ರಲ್ಲಿ ಕೊಟ್ಟ ಲೆಕ್ಕದ ಮೇಲೆ ನಡೆಯುತ್ತದೆ, ಹೊಳೆ ಹಾವಿನ ಹಾಗೆ ಬಳುಕಿ ಪ್ರತಿ ತಿರುವಿನಲ್ಲೂ ಉಸುಕು ಬಿಟ್ಟುಹೋಗುವುದು ಸ್ಕ್ರೀನ್ ಮೇಲೆ ಬಹಳ ಚೆಂದ ಕಾಣುತ್ತದೆ. ಆ ಚೆಂದಕ್ಕೆ ಮರುಳಾಗಿ ಎರಡು ಪಾಯಿಂಟ್ ಕೊಟ್ಟೆ, ಎರಡೂ ಫೇಲ್. ಹಗರಿ ಎಲ್ಲಿ ಬಳುಕುತ್ತದೆ? ಅಗಲಕ್ಕೆ ಮೈ ಚಾಚಿ ಮಲಗಿದ ಒಣ ಉಸುಕಿನ ಹೊಳೆ ಅದು. ವರ್ಷಕ್ಕೆ ನಾಲ್ಕು ದಿನ ಕೆಂಪು ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಸರಿ ಅಂತ ನನ್ನದೇ ಕೋಡ್ ಬರೆಯೋಕೆ ಕೂತೆ. ಪೈಥಾನ್, ಸುಮಾರು 600 ಸಾಲು. 25 ಮೀಟರಿನ ಚೌಕಗಳು. ತಳಕ್ಕೆ ಕಲ್ಲಿನ ಮೈ, ಅದನ್ನು ಮಾತ್ರ ನಮ್ಮ ಮೀಟರ್ ನಿಖರವಾಗಿ ಹೇಳುತ್ತದೆ ಅಲ್ವಾ, ಅಲ್ಲಿಂದ ತೆಗೆದುಕೊಂಡೆ. ನೆರೆ ಬರುತ್ತದೆ, ದಪ್ಪ ಉಸುಕು ಪಾತ್ರದಲ್ಲಿ ಬೀಳುತ್ತದೆ, ಸಣ್ಣದು ದಂಡೆಯ ಮೇಲೆ, ರಾಡಿ ದೂರ ಹೋಗಿ ಕೂರುತ್ತದೆ. ಪಾತ್ರ ಅಕ್ಕಪಕ್ಕದ ಹೊಲಕ್ಕಿಂತ ಎತ್ತರ ಬೆಳೆದಾಗ ಹೊಳೆ ತಗ್ಗಿಗೆ ಹಾರುತ್ತದೆ. ಇಷ್ಟೇ ನಿಯಮ.

ನೆರೆಯ ಗಾತ್ರ ಮಾತ್ರ ಒಂದು ವರ್ಷ ತಪ್ಪಾಗಿತ್ತು. ಇವತ್ತಿನ ಹಗರಿ ನೋಡಿ ಲೆಕ್ಕ ಹಾಕಿದ್ದೆ. ಇದೇ ಹೊಳೆಗೆ ಮೇಲ್ಗಡೆ ಕಟ್ಟಿದ ಹಿರಿಯೂರಿನ ವಾಣಿವಿಲಾಸ ಸಾಗರ ಡ್ಯಾಮ್ 1907ರಲ್ಲಿ ಮುಗಿದ ಮೇಲೆ ಮೇಲಿನ ನೀರು ಅಲ್ಲೇ ನಿಲ್ಲುತ್ತಿದೆ, 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲೇ. ಅಂದರೆ ನಾನು ನೋಡುತ್ತಾ ಬೆಳೆದದ್ದು ಅರ್ಧ ಹೊಳೆ. 2022ರಲ್ಲಿ ನೀರು ಇಳಿದ ಮೇಲೆ ಸ್ಕೇಲ್ ಹಿಡಿದು ದಂಡೆಗುಂಟ ನಡೆದೆ. ಒಂದು ಕಡೆ ಒಂದು ಗೇಣು ಹೊಸ ಉಸುಕು. ಅಲ್ಲಿಂದ ನೂರು ಹೆಜ್ಜೆಗೆ ಬೆರಳು ದಪ್ಪದ ರಾಡಿ, ಒಣಗಿ ಹಂಚಿನ ಚೂರಿನ ಹಾಗೆ ಸುರುಳಿ ಎದ್ದಿತ್ತು. ಆ ಚೂರು ಎತ್ತಿ ನೋಡಿದರೆ ಅಡಿಯಲ್ಲಿ ಉಸುಕು ಅಂಟಿತ್ತು. ಈ ಅಳತೆಗಳನ್ನೇ ಕೋಡಿಗೆ ಹಾಕಿದೆ.

ಆದರೂ ಪೂರ್ವ ದಂಡೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅಲ್ಲಿನ ಬೋರುಗಳಲ್ಲಿ ಮೇಲೆಯೇ ಎಂಟು ಹತ್ತು ಅಡಿ ಉಸುಕು, ನನ್ನ ಹೊಳೆ ಎಷ್ಟು ಹಾರಿದರೂ ಅಷ್ಟು ಎತ್ತರಕ್ಕೆ ಹತ್ತುತ್ತಿರಲಿಲ್ಲ. ಮೂರು ತಿಂಗಳು ಕೋಡಿನಲ್ಲಿ ತಪ್ಪು ಹುಡುಕಿದೆ. ಒಂದಿನ ಬೇವಿನ ಮರದಡಿ ಕೂತಿದ್ದ ಅಜ್ಜಿ ಹೇಳಿದಳು, "ಅದು ಹೊಳಿ ಉಸುಕಲ್ಲಪ್ಪ, ಗಾಳಿ ಉಸುಕು. ನಾವು ಸಣ್ಣಾರಿದ್ದಾಗ ಕಾರ ಹುಣ್ಣಿಮಿ ಹೊತ್ತಿಗೆ ಬಾಗ್ಲಿಗೆ ಬಂದು ಕೂಡ್ತಿತ್ತು." ಪಡುವಣ ಗಾಳಿ! ಒಣಗಿದ ಹೊಳೆಯಿಂದ ಎತ್ತಿ ತಂದು ಪೂರ್ವಕ್ಕೆ ಗುಡ್ಡೆ ಹಾಕಿದೆ. ಭೂಗರ್ಭಶಾಸ್ತ್ರ ಓದಿದ ನನಗೆ ಹೊಳೆಯಲಿಲ್ಲ ನೋಡಿ. ಮನೆಯ ಹಿಟ್ಟಿನ ಜರಡಿ ಎತ್ತಿಕೊಂಡು ಹೋಗಿ ಸೋಸಿದೆ. ಗಾಳಿಯದು ಎಲ್ಲಾ ಒಂದೇ ಸಣ್ಣ ಕಾಳು, ಅಂಗೈಯಲ್ಲಿ ತಿಕ್ಕಿದರೆ ಸಕ್ಕರೆಯ ಹಾಗೆ ಜಾರುತ್ತದೆ. ಹೊಳೆಯದರಲ್ಲಿ ದಪ್ಪ, ಸಣ್ಣ, ಹರಳು, ಒಂದಿಷ್ಟು ಜೇಡಿ ಎಲ್ಲಾ ಬೆರೆತಿರುತ್ತದೆ. ಜರಡಿ ವಾಪಸ್ ಕೊಟ್ಟಾಗ ಮನೆಯಲ್ಲಿ ಏನು ಕೇಳಿಸಿಕೊಂಡೆ ಅನ್ನುವುದು ಬೇಡ. ಗಾಳಿ ಉಸುಕನ್ನು ಲೆಕ್ಕದಿಂದ ಕಿತ್ತುಹಾಕಿದ ದಿನ ಮಾಡೆಲ್ ಸರಿ ಹೋಯಿತು.

ಈಗ ಮಾಡುವುದು ಹೀಗೆ. ನೆರೆಗಳನ್ನು ಅದಲುಬದಲು ಮಾಡಿ ಸುಮಾರು 1,200 ಸಲ ಹೊಳೆ ಹರಿಸುತ್ತೇನೆ. ಲ್ಯಾಪ್‌ಟಾಪ್ ಒಂಬತ್ತು ಹತ್ತು ರಾತ್ರಿ ಓಡುತ್ತದೆ, ನಡುವೆ ಕರೆಂಟ್ ಹೋದರೆ ಮತ್ತೆ ಶುರು, ಕೊನೆಗೆ ಹಳೇ ಯುಪಿಎಸ್ ಒಂದು ತಂದೆ. ಗೊತ್ತಿರುವ ಬೋರುಗಳಿಗೆ ಹೊಂದದ ಹೊಳೆಗಳನ್ನೆಲ್ಲ ಎಸೆಯುತ್ತೇನೆ. ನಲವತ್ತೋ ಐವತ್ತೋ ಉಳಿಯುತ್ತವೆ. ಒಂದು ಚೌಕದಲ್ಲಿ ಅವುಗಳ ಪೈಕಿ ಮೂವತ್ತು ಉಸುಕು ಅಂದರೆ ಅಲ್ಲಿ ಪಾಯಿಂಟ್. ಯಾವ ಬೋರಿನ ಮಾತಿಗೆ ಎಷ್ಟು ಮಾರ್ಕ್ಸ್ ಕೊಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು ಅದರಲ್ಲಿದೆ. ರಿಗ್ ಹುಡುಗರು ಬರೆಯುವ "ಗರಸು" ಅನ್ನುವುದಕ್ಕೆ ನಾಲ್ಕು ಅರ್ಥ ಇದೆ ಅಂತ ಮಾತ್ರ ಹೇಳುತ್ತೇನೆ.

ನಡುವೆ ಸುಮ್ನೆ ಇರಲಾರದೆ ತುಂಗಭದ್ರಾ ಡ್ಯಾಮಿನ ಹೂಳಿಗೂ ಇದೇ ಕೋಡ್ ಹಾಕಿ ನೋಡಿದೆ. 1953ರಲ್ಲಿ ನೀರು ನಿಲ್ಲಿಸಿದಾಗ 133 ಟಿಎಂಸಿ, ಈಗ 105ರ ಆಸುಪಾಸು. ಎಷ್ಟು ವರ್ಷಕ್ಕೆ ಎಷ್ಟು ಮಣ್ಣು ಅಂತ ಇಷ್ಟು ಸ್ಪಷ್ಟವಾಗಿ ಗೊತ್ತಿರುವ ಜಾಗ ಇನ್ನೆಲ್ಲಿ ಸಿಗುತ್ತದೆ? ನನ್ನ ಕೋಡ್ ಹೂಳನ್ನೆಲ್ಲ ಒಯ್ದು ಗೇಟಿನ ಬುಡಕ್ಕೆ ಸುರಿಯಿತು. ನಿಂತ ನೀರಿಗೆ ಹೊಳೆ ಸೇರುವ ಬಾಯಲ್ಲೇ ದಪ್ಪದು ಬೀಳಬೇಕು ತಾನೇ? ನೋಡಿದರೆ ನೀರಿನ ವೇಗ ಇಳಿಸುವ ಸಾಲಿನಲ್ಲಿ ಒಂದು ಮೈನಸ್ ಚಿಹ್ನೆ ಬಿಟ್ಟಿದ್ದೆ. ಡ್ಯಾಮಿಗೆ ಹೋಗದಿದ್ದರೆ ಆ ತಪ್ಪು ಸಿಗುತ್ತಲೇ ಇರಲಿಲ್ಲ. ಗಣಿಯಲ್ಲಿರುವ ಗೆಳೆಯ ಸಂಡೂರಿನ ಕಬ್ಬಿಣದ ಪದರಗಳಿಗೂ ಹಾಕು ಅಂದ. ಅವೂ ನೀರಡಿಯಲ್ಲಿ ಕೂತವೇ, 270 ಕೋಟಿ ವರ್ಷದ ಸುಮಾರಿಗೆ. ಆದರೆ ಆಮೇಲೆ ಹಿಂಡಿದ ಬಟ್ಟೆಯ ಹಾಗೆ ಮಡಿಚಿಕೊಂಡಿವೆ, ಮೊದಲು ಮಡಿಕೆ ಬಿಡಿಸಬೇಕು. ಎರಡು ವಾರಕ್ಕೆ ಕೈಬಿಟ್ಟೆ.

ಚೀಟಿ ಕೊಟ್ಟ ಆ ಹೊಲಕ್ಕೆ ಬರೋಣ. ಪಕ್ಕದ ಎರಡು ಹೊಲದಲ್ಲಿ ಬೋರು ಫೇಲ್ ಆಗಿತ್ತು, ಅಲ್ಲಿ ಯಾರೂ ಪಾಯಿಂಟ್ ಕೊಡುತ್ತಿರಲಿಲ್ಲ. ತೆಂಗಿನಕಾಯಿ ಹಿಡಿದು ನೋಡುವವರು ಕೂಡ ಬೇಡ ಅಂದಿದ್ದರಂತೆ. 30 ಅಡಿ ತನಕ ಕರಿ ಜೇಡಿ ಬಂದಾಗ ರಿಗ್ಗಿನವನು ನನ್ನ ಮುಖ ನೋಡಿದ. ನಾನು ಬೇಕಂತಲೇ ಮೊಬೈಲ್ ನೋಡುತ್ತಾ ನಿಂತೆ. 36ಕ್ಕೆ ಸದ್ದು ಬದಲಾಯಿತು, ಬುಟ್ಟಿಗೆ ಬಿದ್ದದ್ದು ಕಡಲೆಕಾಳು ಗಾತ್ರದ ಹರಳು ಬೆರೆತ ಉಸುಕು. 47ರ ತನಕ ಅದೇ. ಎರಡೂವರೆ ಇಂಚು ನೀರು, ಸಿಹಿ. ರೈತ ಒಂದು ಬೊಗಸೆ ಕುಡಿದು, "ಖರೇನ ಐತಲ್ರೀ ಸಾರ್" ಅಂದ, ಅಷ್ಟೇ.

ಈ ವಿಧಾನದಲ್ಲಿ ಇಲ್ಲಿಯವರೆಗೆ ಕೊಟ್ಟದ್ದು ಏಳು ಪಾಯಿಂಟ್. ಐದರಲ್ಲಿ ಉಸುಕು ಮತ್ತು ಸಿಹಿನೀರು. ಒಂದರಲ್ಲಿ ಜೇಡಿ. ಇನ್ನೊಂದರಲ್ಲಿ ಉಸುಕು ಹೇಳಿದ ಆಳಕ್ಕೇ ಬಂತು, ನೀರು ಮಾತ್ರ ಬಾಯಿಗೆ ಇಡೋಕಾಗದಷ್ಟು ಸವಳು. ಸವಳು ಎಲ್ಲಿ ಸೇರುತ್ತದೆ ಅಂತ ನನ್ನ ಹೊಳೆಗೆ ಗೊತ್ತಿಲ್ಲ, ಕಾಲುವೆ ನೀರು ಬಂದ ಮೇಲಿನ ಕಥೆ ಅದು. ಆ ಹೊಲದವರ ಫೀಸು ತೆಗೆದುಕೊಂಡಿಲ್ಲ. ಉಳಿದವರಿಗೆ ಪಾಯಿಂಟ್‌ಗೆ ಆರು ಸಾವಿರ ಹೇಳುತ್ತೇನೆ, ಮೀಟರ್‌ನವರ ಎರಡು ಪಟ್ಟು. ಚೌಕಾಸಿ ಮಾಡಿ ಐದಕ್ಕೆ ಬರುತ್ತಾರೆ.