ಕೋರೆಯ ಸಿಡಿಮದ್ದು ಬಾವಿಗೆ ಇಳಿದಿದೆಯೇ ಎಂದು ನೋಡುವ ಕ್ರಮ

ಕಾಸರಗೋಡಿನ ಗುಡ್ಡಗಳಲ್ಲಿ ತೂತು ತೂತಾದ ಕೆಂಪು ಮುರಕಲ್ಲನ್ನು ಯಂತ್ರದಿಂದ ಕೊಯ್ಯುತ್ತಾರೆ. ಕರಿಕಲ್ಲಿನ ಕೋರೆಗಳಲ್ಲಿ ಮಾತ್ರ ಮದ್ದು ತುಂಬಿ ಸಿಡಿಸುತ್ತಾರೆ. ಅಂಥ ಕೋರೆಯ ಇಳಿಜಾರಿನಲ್ಲಿ ನಿಮ್ಮ ಬಾವಿಯೋ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗವೋ ಇದ್ದರೆ, ಯಾವ ಮದ್ದು ಮಣ್ಣಿನಲ್ಲಿ ನಿಲ್ಲುತ್ತದೆ, ಯಾವುದು ನೀರಿನ ಜತೆ ಹರಿಯುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಸೇನೆಗಳು ಬಳಸುವ ಸಿಡಿಮದ್ದುಗಳಲ್ಲಿ ಟಿಎನ್‌ಟಿ ಮಣ್ಣಿನಲ್ಲಿ ರೂಪಾಂತರಗೊಂಡು, ಕೊಳೆತ ಎಲೆಗೊಬ್ಬರದ ಅಂಶಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆರ್‌ಡಿಎಕ್ಸ್ ನೀರಿನಲ್ಲಿ ಅದಕ್ಕಿಂತಲೂ ಕಡಿಮೆ ಕರಗುವುದಾದರೂ ಮಣ್ಣು ಅದನ್ನು ಹಿಡಿದಿಡುವುದಿಲ್ಲವಾದ್ದರಿಂದ ಅಂತರ್ಜಲಕ್ಕೆ ತಲುಪುವುದು ಹೆಚ್ಚಾಗಿ ಅದೇ. ಎಷ್ಟು ಕರಗುತ್ತದೆ ಎಂಬುದೊಂದನ್ನೇ ನೋಡಿ ಅಪಾಯವನ್ನು ಅಳೆಯಬಾರದು.

ನಮ್ಮ ಕೋರೆಗಳ ಮಟ್ಟಿಗೆ ಮುಖ್ಯವಾದದ್ದು ಮದ್ದಿನಲ್ಲಿರುವ ಅಮೋನಿಯಂ ನೈಟ್ರೇಟ್ ಎಂಬ ಲವಣ. ಸರಿಯಾಗಿ ಸಿಡಿದರೆ ಅದು ಬಹುಪಾಲು ಅನಿಲವಾಗುತ್ತದೆ. ತುಂಬುವಾಗ ಚೆಲ್ಲಿದ್ದು, ನೀರು ನಿಂತ ಕುಳಿಯಲ್ಲಿ ಕರಗಿದ್ದು, ಸಿಡಿಯದೆ ಉಳಿದದ್ದು ಮಣ್ಣಿಗೆ ಸೇರುತ್ತದೆ. ಅದರ ಅಮೋನಿಯಂ ಭಾಗವನ್ನು ಜೇಡಿಮಣ್ಣು ಸ್ವಲ್ಪ ಕಾಲ ಹಿಡಿದಿಟ್ಟುಕೊಂಡರೂ ಸೂಕ್ಷ್ಮಜೀವಿಗಳು ಅದನ್ನೂ ನೀರಿನ ಜತೆ ಹರಿಯುವ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹುಳಿ ಗುಣದ ಕೆಂಪು ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡುಗಳು ನೈಟ್ರೇಟನ್ನು ತುಸು ತಡೆಯಬಲ್ಲವು, ಆದರೆ ಮುರಕಲ್ಲಿನ ತೂತುಗಳಲ್ಲಿ ಮಳೆನೀರು ರಭಸದಿಂದ ಇಳಿದು, ಅಡಿಯ ಶೇಡಿಮಣ್ಣಿನ (ನುಣುಪಾದ ಜೇಡಿಯ) ಮೇಲೆ ಅಡ್ಡಲಾಗಿ ಹರಿಯುವುದರಿಂದ ಆ ತಡೆಯನ್ನು ನಾನು ನಂಬಲಾರೆ. ಬಾಯಾರು, ಎಣ್ಮಕಜೆ ಕಡೆಯ ಸುರಂಗಗಳಿಗೆ ನೀರು ಒಸರುವುದೂ ಮುರಕಲ್ಲಿನ ಇಂಥ ಸಂದುಗಳಿಂದಲೇ.

ನೀರಿನ ಮಾದರಿಯನ್ನು ಮೇ ತಿಂಗಳಲ್ಲಿ ಒಮ್ಮೆ, ಜೂನ್‌ನ ಮೊದಲ ಜೋರು ಮಳೆಗಳ ಬಳಿಕ ಇನ್ನೊಮ್ಮೆ ತೆಗೆಯಿರಿ. ಬೇಸಿಗೆಯಲ್ಲಿ ಶೇಖರವಾದ ಲವಣವನ್ನು ತೊಳೆದು ತರುವುದು ಆ ಮಳೆಯೇ. ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ನೀರು ಹೆಚ್ಚಿ ಪ್ರಮಾಣ ಕಡಿಮೆಯಾಗಿ ಕಾಣಬಹುದು. ಶುಚಿಯಾದ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿಸಿ, ತಂಪಾಗಿಟ್ಟು, ಮರುದಿನದೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿ. ಕೋರೆಗಿಂತ ಮೇಲಿರುವ ಒಂದು ಬಾವಿಯ ನೀರನ್ನೂ ಕಡ್ಡಾಯವಾಗಿ ಜತೆಗೆ ಕೊಡಿ. ಅಡಿಕೆ ತೋಟಕ್ಕೆ ಹಾಕಿದ ಯೂರಿಯಾ, ಹಟ್ಟಿಯ ಗೊಬ್ಬರ, ಶೌಚದ ಗುಂಡಿ ಇವುಗಳಿಂದಲೂ ನೈಟ್ರೇಟ್ ಬರುವುದರಿಂದ, ಈ ಹೋಲಿಕೆಯಿಲ್ಲದೆ ಕೋರೆಯನ್ನು ದೂರುವುದು ನ್ಯಾಯವಲ್ಲ. ಮಲ ಸೇರಿರುವುದರ ಸೂಚನೆ ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾದ ಪರೀಕ್ಷೆಯನ್ನೂ ಮಾಡಿಸಿದರೆ ಶೌಚದ ಗುಂಡಿಯ ಪಾಲಿನ ಸುಳಿವು ಸಿಗುತ್ತದೆ.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ 10500 ಹೇಳುತ್ತದೆ. ವರದಿಯಲ್ಲಿ ನೈಟ್ರೋಜನ್ ಲೆಕ್ಕದಲ್ಲಿ ಬರೆದಿದ್ದರೆ ಆ ಸಂಖ್ಯೆಯನ್ನು 4.43ರಿಂದ ಗುಣಿಸಿ ನೋಡಿ. ಮಿತಿ ಮೀರಿದ ನೀರನ್ನು ಆರು ತಿಂಗಳೊಳಗಿನ ಕೂಸುಗಳಿಗೆ ಹಾಲು ಕಲಸಲು ಬಳಸಲೇಬೇಡಿ. ಕುದಿಸಿದರೆ ನೈಟ್ರೇಟ್ ಹೋಗದು, ನೀರು ಆವಿಯಾದಷ್ಟೂ ಪ್ರಮಾಣ ಏರುತ್ತದೆ.

ಮಾದರಿಗಾಗಿ ಕೋರೆಯೊಳಗೆ ಇಳಿಯಬೇಡಿ. ಸಿಡಿಯದ ಕೇಪು (ಮದ್ದಿಗೆ ಕಿಡಿ ಕೊಡುವ ಸಣ್ಣ ಕೊಳವೆ), ವಯರು ಕಣ್ಣಿಗೆ ಬಿದ್ದರೆ ಮುಟ್ಟದೆ ದೂರ ಸರಿದು, ಪೊಲೀಸರಿಗೆ ತಿಳಿಸಿ.