ಹೊಟ್ಟೆ ಮುಚ್ಚುವ ಮುನ್ನ: ಅಂಟುವಿಕೆ ತಡೆಯುವ ಫಿಲ್ಮ್, ಜೆಲ್‌ಗಳ ಬಳಕೆಯಲ್ಲಿ ನನ್ನ ಅನುಭವ

ಒಮ್ಮೆ ತೆರೆದ ಹೊಟ್ಟೆಯನ್ನು ಮತ್ತೆ ತೆರೆಯಬೇಕಾದಾಗ ಶಸ್ತ್ರಚಿಕಿತ್ಸಕನಿಗೆ ಎದುರಾಗುವ ಮೊದಲ ತೊಡಕೆಂದರೆ, ಹಳೆಯ ಗಾಯದ ಗೆರೆಯ ಒಳಬದಿಗೆ ಅಂಟಿಕೊಂಡಿರುವ ಸಣ್ಣ ಕರುಳು. ಅದನ್ನು ಕತ್ತರಿಯ ತುದಿಯಿಂದ ಎಳೆಎಳೆಯಾಗಿ ಬಿಡಿಸುತ್ತ ಮೂಲ ಕಾಯಿಲೆಯ ಜಾಗವನ್ನು ತಲುಪುವುದಕ್ಕೇ ಗಂಟೆಗಟ್ಟಲೆ ಹಿಡಿಯಬಹುದು. ಆ ನಡುವೆ ಕರುಳಿಗೆ ತೂತು ಬಿದ್ದರೆ ರೋಗಿಯ ಚೇತರಿಕೆಯ ದಾರಿಯೇ ಬದಲಾಗಿಬಿಡುತ್ತದೆ. ಬ್ರಿಟನ್ನಿನ ಮೆಂಜೀಸ್ ಮತ್ತು ಎಲ್ಲಿಸ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದೆ ಹೊಟ್ಟೆಯ ಆಪರೇಷನ್ ಆಗಿದ್ದವರ ಪೈಕಿ ಶೇ 93 ಮಂದಿಯಲ್ಲಿ ಇಂಥ ಅಂಟುವಿಕೆ ಕಂಡುಬಂದಿತ್ತು. ಕರ್ನಾಟಕದ ಜಿಲ್ಲಾ ಕೇಂದ್ರವೊಂದರಲ್ಲಿ ಜನರಲ್ ಸರ್ಜನ್ ಆಗಿರುವ ನನ್ನ ಬಳಿಗೆ ಬರುವ ಹೆಚ್ಚಿನವರಿಗೆ ಸಿಸೇರಿಯನ್, ಗರ್ಭಕೋಶ ತೆಗೆದದ್ದು, ಅಪೆಂಡಿಕ್ಸ್ ಅಥವಾ ಟೈಫಾಯ್ಡ್‌ನಿಂದ ಕರುಳು ತೂತಾಗಿದ್ದು, ಹೀಗೆ ಯಾವುದಾದರೊಂದು ಹಳೆಯ ಗಾಯ ಇದ್ದೇ ಇರುತ್ತದೆ. ಆದ್ದರಿಂದಲೇ ಹೊಟ್ಟೆ ಮುಚ್ಚುವ ಮುನ್ನಿನ ಕೆಲವು ನಿಮಿಷಗಳ ಬಗ್ಗೆ ನಾನು ವಿಶೇಷ ಗಮನ ಕೊಡುತ್ತ ಬಂದಿದ್ದೇನೆ.

ಕರುಳನ್ನೂ ಹೊಟ್ಟೆಯ ಒಳಗೋಡೆಯನ್ನೂ ಹೊದ್ದಿರುವ ಪೆರಿಟೋನಿಯಮ್ ಎಂಬ ನುಣುಪಾದ ಪದರ ಎಲ್ಲಿ ತರಚುತ್ತದೋ ಅಲ್ಲಿ ಫೈಬ್ರಿನ್ ಎಂಬ ಅಂಟುವ ಪ್ರೋಟೀನ್ ಜಿನುಗಿ ಅಕ್ಕಪಕ್ಕದ ಮೇಲ್ಮೈಗಳನ್ನು ಕೂಡಿಸುತ್ತದೆ. ದೇಹವೇ ಈ ಫೈಬ್ರಿನ್ನನ್ನು ಮೊದಲ ಎರಡು ಮೂರು ದಿನಗಳಲ್ಲಿ ಕರಗಿಸಿಬಿಟ್ಟರೆ ತೊಂದರೆಯಿಲ್ಲ. ಆದರೆ ರಕ್ತಸಂಚಾರ ಕುಗ್ಗಿದ, ಒಣಗಿದ ಅಥವಾ ಸೋಂಕು ತಗುಲಿದ ಅಂಗಾಂಶದಲ್ಲಿ ಕರಗಿಸುವ ಶಕ್ತಿ ಉಡುಗಿರುವುದರಿಂದ ಫೈಬ್ರಿನ್ ಹಾಗೇ ಉಳಿದು, ಅದರೊಳಗೆ ನಾರು ನೇಯುವ ಕೋಶಗಳೂ ರಕ್ತನಾಳಗಳೂ ಸೇರಿ ಗಟ್ಟಿ ಪಟ್ಟಿಯಾಗುತ್ತದೆ. ತರಚಿದ ಜಾಗದ ಮೇಲೆ ಹೊಸ ಪದರ ಬೆಳೆಯಲು ಐದರಿಂದ ಏಳು ದಿನ ಬೇಕು. ಅಷ್ಟು ದಿನ ಎರಡು ಮೇಲ್ಮೈಗಳನ್ನು ದೂರವಿಟ್ಟು, ಆಮೇಲೆ ತಾನಾಗಿ ಕರಗಿಹೋಗುವ ವಸ್ತುವೊಂದಿದ್ದರೆ ಸಾಕು ಎಂಬುದೇ ಫಿಲ್ಮ್, ಜೆಲ್‌ನಂಥ ಈ ಎಲ್ಲ ತಡೆಗಳ ಹಿಂದಿನ ತರ್ಕ.

ಆದರೆ ಯಾವ ತಡೆಯೂ ಒರಟು ಕೈಕೆಲಸಕ್ಕೆ ಪರಿಹಾರವಾಗದು. ಲ್ಯಾಪ್ರೋಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ತೂರಿಸಿ) ಸಾಧ್ಯವಿರುವುದನ್ನು ಹಾಗೆಯೇ ಮಾಡುವುದು, ಕರುಳನ್ನು ಮಾಪ್ ಎನ್ನುವ ಗಾಜ್ ಬಟ್ಟೆಯನ್ನು ಒದ್ದೆ ಮಾಡಿ ಮುಚ್ಚಿಡುವುದು, ಕಾಟರಿಯಿಂದ ಅನಗತ್ಯವಾಗಿ ಸುಡದಿರುವುದು, ರಕ್ತದ ಹೆಪ್ಪು ಉಳಿಯದಂತೆ ಬೆಚ್ಚಗಿನ ಸಲೈನ್‌ನಿಂದ ತೊಳೆಯುವುದು ಮೊದಲು ಆಗಬೇಕು. ಪುಡಿ ಸವರಿದ ಗ್ಲೌಸ್‌ಗಳನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ಜನವರಿಯಿಂದ ನಿಷೇಧಿಸಿದೆ, ಅದಕ್ಕೆ ಕೊಟ್ಟ ಕಾರಣಗಳಲ್ಲಿ ಈ ಅಂಟುವಿಕೆಯೂ ಒಂದು. ನಮ್ಮಲ್ಲಿ ಅವು ಇನ್ನೂ ಸಿಗುತ್ತವೆಯಾದ್ದರಿಂದ ಪುಡಿಯಿಲ್ಲದ ಗ್ಲೌಸ್ ಬೇಕೆಂದು ಥಿಯೇಟರಿನವರಿಗೆ ಹೇಳಿಯೇ ತರಿಸಿಕೊಳ್ಳುತ್ತೇನೆ.

ನಾನು ಹೆಚ್ಚು ಬಳಸಿರುವುದು ಹಯಲುರೊನಿಕ್ ಆಮ್ಲ ಮತ್ತು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್‌ನಿಂದ ಮಾಡಿದ ಪಾರದರ್ಶಕ ಫಿಲ್ಮ್. ಅದನ್ನು ಇರಿಸುವ ವಿಧಾನವನ್ನು ತುಸು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅದು ಕೈಗೆ ಒಗ್ಗದೆ ಬಿಟ್ಟುಬಿಟ್ಟ ಕಿರಿಯ ಸರ್ಜನ್‌ಗಳನ್ನು ಕಂಡಿದ್ದೇನೆ. ಈ ಫಿಲ್ಮ್‌ನ ಗುಣ ಥೇಟ್ ಹಪ್ಪಳದ್ದು: ಒಣಗಿದ್ದಾಗ ಮುರಿಯುತ್ತದೆ, ತೇವ ತಾಕಿದ ಕೂಡಲೇ ಮೆತ್ತಗಾಗಿ ತಾಕಿದಲ್ಲಿಗೇ ಅಂಟಿಕೊಳ್ಳುತ್ತದೆ. ಆದ್ದರಿಂದ ಎಲ್ಲ ಕೆಲಸ ಮುಗಿದು, ಮಾಪ್ ಎಣಿಕೆ ಸರಿಯಾಗಿ, ಹೊಟ್ಟೆಯೊಳಗಿನ ದ್ರವವನ್ನೆಲ್ಲ ಸಕ್ಷನ್‌ನಿಂದ ಹೀರಿ ತೆಗೆಯುವವರೆಗೂ ಪೊಟ್ಟಣ ಒಡೆಯಲು ಬಿಡುವುದಿಲ್ಲ. "ಸಿಸ್ಟರ್, ಎಣಿಕೆ ಆದ ಮೇಲೆ ತೆಗೆಯಿರಿ" ಎಂದು ಮೊದಲೇ ಹೇಳಿರುತ್ತೇನೆ. ಬಳಿಕ ಗ್ಲೌಸ್ ಬದಲಾಯಿಸಿ, ಒಣಗಿದ ಕೈಯಿಂದ ಫಿಲ್ಮ್ ಅನ್ನು ಅದರ ಕಾಗದದ ಹಿಡಿಕೆಯ ಸಮೇತ ನಾಲ್ಕು ತುಂಡು ಮಾಡಿಕೊಳ್ಳುತ್ತೇನೆ. ಇಡೀ ಹಾಳೆಯನ್ನು ಒಂದೇ ಸಲಕ್ಕೆ ಹಾಸಲು ಹೋದರೆ ಮಡಚಿಕೊಂಡು ಹಾಳಾಗುತ್ತದೆ. ಸಹಾಯಕರು ಗಾಯದ ಅಂಚುಗಳನ್ನು ಚೆನ್ನಾಗಿ ಅಗಲಿಸಿ ಹಿಡಿಯಬೇಕು, ಅಂಚನ್ನು ಒಣ ಮಾಪ್‌ನಿಂದ ಒತ್ತಿರಬೇಕು. ಇಲ್ಲವಾದರೆ ಒಳಗೆ ಹೋಗುವ ಮುನ್ನವೇ ಚರ್ಮದ ಕೆಳಗಿನ ಕೊಬ್ಬಿಗೆ ಅಂಟುತ್ತದೆ. ಕಾಗದದಿಂದ ಬೆರಳಗಲದಷ್ಟು ಫಿಲ್ಮ್ ಹೊರಬರುವಂತೆ ಸರಿಸಿ, ಆ ಅಂಚನ್ನು ಮೊದಲು ಬೇಕಾದ ಜಾಗಕ್ಕೆ ಮುಟ್ಟಿಸಿ, ಆಮೇಲೆ ಮೆಲ್ಲಗೆ ಕಾಗದವನ್ನು ಹಿಂದಕ್ಕೆಳೆಯುತ್ತೇನೆ. ತುಂಡುಗಳು ಒಂದರ ಮೇಲೊಂದು ಸ್ವಲ್ಪ ಹಾಯ್ದಿರಬೇಕು. ತಪ್ಪು ಜಾಗಕ್ಕೆ ತಾಕಿದರೆ ಎಳೆಯಬಾರದು, ಸಲೈನ್ ಹನಿಸಿದರೆ ಬಿಟ್ಟುಕೊಳ್ಳುತ್ತದೆ. ಒಂದೆರಡು ದಿನದೊಳಗೆ ಅದು ಜೆಲ್ ಆಗಿ, ಸುಮಾರು ಒಂದು ವಾರ ಅಲ್ಲೇ ಉಳಿದು, ನಾಲ್ಕು ವಾರದೊಳಗೆ ದೇಹದಿಂದ ಹೊರಹೋಗುತ್ತದೆ.

ಜಾಗದ ಆಯ್ಕೆಯಲ್ಲಿ ನನ್ನ ನಿಯಮ ಒಂದೇ: ಮುಂದೆ ಈ ಹೊಟ್ಟೆಯನ್ನು ಯಾರಾದರೂ ತೆರೆದರೆ ಅವರ ಕತ್ತರಿ ಮೊದಲು ಎಲ್ಲಿ ಇಳಿಯುತ್ತದೋ ಅಲ್ಲಿ, ಅಂದರೆ ನಡುಗೆರೆಯ ಗಾಯದ ಕೆಳಗೆ, ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪರದೆಯಾದ ಓಮೆಂಟಮ್ಮನ್ನು ಎಳೆದು ಹಾಸಿ ಅದರ ಮೇಲೆ. ಕರುಳನ್ನು ಕತ್ತರಿಸಿ ಜೋಡಿಸಿದ ಹೊಲಿಗೆಯ ಸುತ್ತ ಮಾತ್ರ ಎಂದೂ ಸುತ್ತುವುದಿಲ್ಲ. ಹೊಸ ಜೋಡಣೆಗೆ ಫಿಲ್ಮ್ ಸುತ್ತಿದವರಲ್ಲಿ ಸೋರಿಕೆ ಹೆಚ್ಚಾಗಿತ್ತೆಂದು 2003ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿದೆ. ಕಾರಣವೂ ಅರ್ಥವಾಗುವಂಥದ್ದೇ: ಆ ಹೊಲಿಗೆಗೆ ಓಮೆಂಟಮ್ ಬಂದು ಅಂಟಿಕೊಳ್ಳುವುದು ದೇಹದ ರಕ್ಷಣಾಕ್ರಮ, ಅದನ್ನು ನಾವೇ ತಡೆಯಬಾರದು. ಟೈಫಾಯ್ಡ್ ತೂತಿನಿಂದ ಕೀವು, ಮಲ ತುಂಬಿದ ಹೊಟ್ಟೆಯಲ್ಲಿಯೂ ನಾನು ಯಾವ ತಡೆಯನ್ನೂ ಇಡುವುದಿಲ್ಲ. ಅಂಟುವಿಕೆ ಅತಿ ಹೆಚ್ಚಾಗುವುದು ಅಂಥವರಲ್ಲೇ ಎಂಬುದು ನಿಜವಾದರೂ, ಸೋಂಕಿನ ನಡುವೆ ಹೊರವಸ್ತು ಇಡುವ ಅಪಾಯ ಅದಕ್ಕಿಂತ ದೊಡ್ಡದು ಎಂಬುದು ನನ್ನ ತೀರ್ಮಾನ.

ಸಿಂಪಡಿಸುವ ಪಾಲಿಎಥಿಲೀನ್ ಗ್ಲೈಕಾಲ್ ಜೆಲ್‌ಗಳ ಕ್ರಮವೇ ಬೇರೆ. ಎರಡು ಸಿರಿಂಜ್‌ಗಳ ದ್ರವಗಳು ತುದಿಯಲ್ಲಿ ಬೆರೆತು ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತವೆ, ಆದ್ದರಿಂದ ಉಬ್ಬುತಗ್ಗಿನ ಜಾಗಗಳಿಗೆ ಒಪ್ಪುತ್ತವೆ. ನಡುವೆ ಕೈ ನಿಲ್ಲಿಸಿದರೆ ತುದಿ ಕಟ್ಟಿಕೊಳ್ಳುವುದರಿಂದ ಎಲ್ಲಿಂದ ಎಲ್ಲಿಗೆ ಎಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಇಂಥ ಸೀಲಂಟ್‌ಗಳಲ್ಲಿ (ಜಿನುಗುವ ಜಾಗ ಮುಚ್ಚುವ ಅಂಟುಗಳಲ್ಲಿ) ಒಂದಾದ ಕೋಸೀಲ್ 24 ಗಂಟೆಯೊಳಗೆ ತನ್ನ ಗಾತ್ರದ ನಾಲ್ಕು ಪಟ್ಟು ಉಬ್ಬಬಹುದೆಂದು ಅದರ ಸೂಚನಾಪತ್ರವೇ ಎಚ್ಚರಿಸುತ್ತದೆ. ಮೂತ್ರನಾಳದ ಪಕ್ಕದಂಥ ಇಕ್ಕಟ್ಟಿನ ಜಾಗದಲ್ಲಿ ದಪ್ಪವಾಗಿ ಹಚ್ಚದಿರಲು ಇದೇ ಕಾರಣ. ಮನುಷ್ಯರ ಪ್ಲಾಸ್ಮಾದಿಂದ ತಯಾರಾಗುವ ಫೈಬ್ರಿನ್ ಸೀಲಂಟನ್ನು ಯಕೃತ್ತಿನ ಕತ್ತರಿಸಿದ ಮೇಲ್ಮೈಯಂಥ ಜಿನುಗುವ ಜಾಗಗಳಿಗೆ ತೆಳುವಾಗಿ ಬಳಸುತ್ತೇನೆಯೇ ಹೊರತು, ಅಂಟುವಿಕೆ ತಡೆಗೆಂದೇ ಬಳಸುವುದಿಲ್ಲ. ಅದನ್ನು ಅನಿಲದ ಒತ್ತಡದಿಂದ ಸಿಂಪಡಿಸುವಾಗ ರಕ್ತನಾಳಕ್ಕೆ ಅನಿಲ ನುಗ್ಗಿ ಪ್ರಾಣಾಪಾಯವಾದ ಪ್ರಕರಣಗಳು ವರದಿಯಾಗಿರುವುದರಿಂದ, ತಯಾರಕರು ಹೇಳಿದ ಅಂತರ ಮತ್ತು ಒತ್ತಡವನ್ನು ಮೀರುವಂತೆಯೇ ಇಲ್ಲ.

ಇಷ್ಟೆಲ್ಲ ಮಾಡಿದರೆ ಲಾಭವೆಷ್ಟು ಎಂಬ ಪ್ರಶ್ನೆಗೆ ನೇರವಾದ ಉತ್ತರ ಕೊಡಬೇಕು. ದೊಡ್ಡ ಕರುಳು ತೆಗೆದು ತಾತ್ಕಾಲಿಕ ಇಲಿಯೋಸ್ಟಮಿ (ಸಣ್ಣ ಕರುಳಿನ ಬಾಯಿಯನ್ನು ಹೊಟ್ಟೆಯ ಮೇಲೆ ತೆರೆದಿಡುವುದು) ಮಾಡಿದ ರೋಗಿಗಳಲ್ಲಿ ಅದನ್ನು ಮುಚ್ಚುವ ವೇಳೆ ಒಳಗೆ ನೋಡಿದ 1996ರ ಅಮೆರಿಕದ ಪ್ರಯೋಗದಲ್ಲಿ, ಫಿಲ್ಮ್ ಇಟ್ಟವರ ಪೈಕಿ ಶೇ 51 ಮಂದಿಯಲ್ಲಿ ಗಾಯದ ಕೆಳಗೆ ಅಂಟುವಿಕೆಯೇ ಇರಲಿಲ್ಲ. ಇಡದವರಲ್ಲಿ ಈ ಪ್ರಮಾಣ ಶೇ 6 ಮಾತ್ರ. ಆದರೆ 2006ರಲ್ಲಿ ಪ್ರಕಟವಾದ, 1,700ಕ್ಕೂ ಹೆಚ್ಚು ರೋಗಿಗಳ ಪ್ರಯೋಗದಲ್ಲಿ ಕರುಳಿನ ಅಡಚಣೆಯ ಒಟ್ಟು ಪ್ರಮಾಣ ಇಳಿಯಲಿಲ್ಲ. ಅಂಟುವಿಕೆಯ ಅಡಚಣೆಗಾಗಿ ಮತ್ತೆ ಆಪರೇಷನ್ ಬೇಕಾದವರು ಮಾತ್ರ ಶೇ 3.4ರಿಂದ 1.8ಕ್ಕೆ ಇಳಿದರು. ಈ ಅಂಕಿಗಳನ್ನು ಮುಂದಿಟ್ಟುಕೊಂಡು, ಕೈಯಿಂದ ಹಣ ಕೊಡುವ ಕುಟುಂಬಕ್ಕೆ ಇದನ್ನು ಎಲ್ಲರಿಗೂ ಬೇಕೇಬೇಕೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಎರಡನೇ ಆಪರೇಷನ್ ಖಚಿತವಾಗಿರುವವರು, ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯಂತೆ ಮತ್ತೆ ಮತ್ತೆ ಹೊಟ್ಟೆ ತೆರೆಯಬೇಕಾಗಬಹುದಾದವರು, ಈಗಾಗಲೇ ಅಂಟುವಿಕೆ ಬಿಡಿಸಿಕೊಂಡವರು, ಇನ್ನು ಮಕ್ಕಳಾಗಬೇಕಿರುವ ಯುವತಿಯರು: ಇವರಿಗೆ ಮೊದಲೇ ಕೂರಿಸಿಕೊಂಡು ವಿವರಿಸಿ, ಒಪ್ಪಿದರೆ ಬಳಸುತ್ತೇನೆ.

ಅಂಟುವಿಕೆ ತಡೆಗೆಂದು ಹೊಟ್ಟೆಯೊಳಗೆ ಬಿಟ್ಟುಬರುವ ಶೇ 4ರ ಐಕೋಡೆಕ್ಸ್‌ಟ್ರಿನ್ ದ್ರಾವಣವನ್ನು ಸ್ತ್ರೀರೋಗ ತಜ್ಞರು ಲ್ಯಾಪ್ರೋಸ್ಕೋಪಿಯಲ್ಲಿ ಬಳಸುತ್ತಾರೆ. ಅದು ದೇಹದಲ್ಲಿ ಮಾಲ್ಟೋಸ್ ಆಗುವುದರಿಂದ ಕೆಲವು ಬಗೆಯ ಗ್ಲುಕೋಮೀಟರ್‌ಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಆ ಸುಳ್ಳು ಅಂಕಿ ನಂಬಿ ಇನ್ಸುಲಿನ್ ಕೊಟ್ಟರೆ ಮಧುಮೇಹಿ ರೋಗಿಯ ಜೀವಕ್ಕೇ ಕುತ್ತು. ಆದ್ದರಿಂದ ಅದನ್ನು ಬಳಸಿದ ರೋಗಿಯ ಕೇಸ್ ಶೀಟ್ ಮೇಲೆ, ಸಕ್ಕರೆಯನ್ನು ಲ್ಯಾಬ್‌ನಲ್ಲೇ ನೋಡಬೇಕೆಂದು ಕೆಂಪು ಶಾಯಿಯಲ್ಲಿ ಬರೆಸುತ್ತೇನೆ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾವ ವಸ್ತುವನ್ನು ಎಷ್ಟು, ಎಲ್ಲಿ ಇಟ್ಟೆವು, ಒಳಗೆ ಮೊದಲೇ ಎಲ್ಲೆಲ್ಲಿ ಅಂಟಿತ್ತು ಎಂಬುದನ್ನು ಆಪರೇಷನ್ ನೋಟ್ಸ್‌ನಷ್ಟೇ ವಿವರವಾಗಿ ಬರೆಯುತ್ತೇನೆ. ಫಿಲ್ಮ್ ಇಟ್ಟಿದೆಯೆಂಬ ಧೈರ್ಯದಲ್ಲಿ ಉಳಿಯಬೇಡಿ ಎಂದೂ ಮನೆಯವರಿಗೆ ಹೇಳುತ್ತೇನೆ: ವರ್ಷಗಳು ಕಳೆದ ಮೇಲೂ ಹೊಟ್ಟೆ ಹಿಂಡುವ ನೋವು ಬಂದು, ವಾಂತಿಯಾಗಿ, ಹೊಟ್ಟೆ ಉಬ್ಬರಿಸಿ, ಗಾಳಿಯೂ ಹೋಗದಂತಾದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುತ್ತ ಮನೆಯಲ್ಲಿ ಕೂರದೆ, ಈ ಸಮ್ಮರಿ ಹಿಡಿದುಕೊಂಡು ಅದೇ ದಿನ ಸರ್ಜನ್ ಇರುವ ಆಸ್ಪತ್ರೆಗೆ ಬರಬೇಕು.